ಹೊಸ ಜೀರುಂಡೆ ಸಿಕ್ಕಿದೆ ಅನ್ನಿಸಿದರೆ ಅದನ್ನು ವಿವರಿಸಿ ಹೆಸರಿಡುವುದು ಹೇಗೆ

ಮೈಕ್ರೋಸ್ಕೋಪಿನ ಕೆಳಗೆ ಒಂದು ಜೀರುಂಡೆ ಇಟ್ಟುಕೊಂಡು ಕೂತಿದ್ದೀರಿ. ಯಾವ ಕುಟುಂಬ, ಯಾವ ಕುಲ ಎಂದು ಗೊತ್ತಾಗಿದೆ. ಆದರೆ ಆ ಕುಲದಲ್ಲಿ ಹೆಸರಿರುವ ಯಾವ ಪ್ರಭೇದಕ್ಕೂ ಅದು ಹೊಂದುತ್ತಿಲ್ಲ. ಇದು ಹೊಸದೇ ಇರಬೇಕು ಅನ್ನಿಸುತ್ತದೆ, ಅಲ್ವಾ? ಇರಬಹುದು. ಜೀರುಂಡೆಗಳಲ್ಲಿ ಈವರೆಗೆ ಹೆಸರು ಸಿಕ್ಕ ಪ್ರಭೇದಗಳೇ ಹತ್ತಿರ ಹತ್ತಿರ 4 ಲಕ್ಷ. ಹೆಸರು ಸಿಗದೆ ಉಳಿದವು ಅದಕ್ಕಿಂತ ಜಾಸ್ತಿ ಎಂದು ಈ ಕೆಲಸದಲ್ಲಿರುವ ಬಹಳ ಜನ ನಂಬುತ್ತಾರೆ. ಹಾಗಾಗಿ ಹೊಸ ಪ್ರಭೇದ ಸಿಗುವುದು ಪವಾಡವೇನಲ್ಲ. ಕಷ್ಟ ಇರುವುದು ಬೇರೆ ಕಡೆ. ಆ 4 ಲಕ್ಷದಲ್ಲಿ ನಿಮ್ಮದು ಯಾವುದೂ ಅಲ್ಲ ಎಂದು ಬೇರೆಯವರಿಗೆ ತೋರಿಸಿಕೊಡಬೇಕು. ಕೆಲಸದ ಮುಕ್ಕಾಲು ಪಾಲು ಅದೇ.

ಮೊದಲ ಸಲ ಇದಕ್ಕೆ ಕೈಹಾಕುವವರಿಗಾಗಿ ಬರೆಯುತ್ತಿದ್ದೇನೆ. ಪ್ರಾಣಿಗಳಿಗೆ ಹೆಸರಿಡಲು ಒಂದು ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಎಲ್ಲರೂ ಅದನ್ನು ಕೋಡ್ ಎಂದೇ ಕರೆಯುತ್ತಾರೆ. ಈಗಿರುವುದು ನಾಲ್ಕನೇ ಆವೃತ್ತಿ, 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದು ನಿಮ್ಮ ಪದವಿ ಕೇಳುವುದಿಲ್ಲ, ನೌಕರಿ ಕೇಳುವುದಿಲ್ಲ, ಅದರ ಷರತ್ತುಗಳನ್ನು ಪೂರೈಸಿದರೆ ಸಾಕು. ಜೀರುಂಡೆಗಳ ವಿಷಯದಲ್ಲಂತೂ ಹವ್ಯಾಸಕ್ಕೆಂದು ಶುರು ಮಾಡಿದವರು ಮಾಡಿಟ್ಟ ಕೆಲಸ ಬಹಳ ದೊಡ್ಡದು.

ಮೊದಲು ನಿಮ್ಮ ಕಣ್ಣಿನ ಮೇಲೇ ಅನುಮಾನಪಡಿ

ಬೇರೆಯಾಗಿ ಕಾಣುವುದೆಲ್ಲ ಹೊಸದಲ್ಲ. ಕೋಶದಿಂದ ಆಗತಾನೇ ಹೊರಬಂದ ಜೀರುಂಡೆ ಮೆತ್ತಗೆ, ಪೇಲವವಾಗಿ ಇರುತ್ತದೆ. ಬಣ್ಣ ಕೂರಲು ಗಂಟೆಗಳು, ಕೆಲವಕ್ಕೆ ದಿನಗಳೇ ಬೇಕು. ಅಂಥ ಎಳೆಯ ಮಾದರಿ ಸಿಕ್ಕರೆ ಕಪ್ಪು ಪ್ರಭೇದವನ್ನು ಕಂದು ಬಣ್ಣದ ಹೊಸ ಪ್ರಭೇದ ಎಂದುಕೊಳ್ಳುವುದು ಸುಲಭ. ಸಾರಂಗದ ಕೊಂಬಿನಂಥ ದವಡೆ ಇರುವ ಜೀರುಂಡೆಗಳಲ್ಲಿ ಮರಿಹುಳುವಾಗಿದ್ದಾಗ ಚೆನ್ನಾಗಿ ತಿಂದು ಬೆಳೆದ ಗಂಡಿಗೆ ದೊಡ್ಡ ದವಡೆ ಬರುತ್ತದೆ, ಹೊಟ್ಟೆಗೆ ಸಾಲದೆ ಬೆಳೆದ ಗಂಡಿಗೆ ಚೋಟುದ್ದದ ದವಡೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಪ್ರಭೇದ ಎಂದು ನಂಬುವುದೇ ಕಷ್ಟ. ಸಗಣಿ ಜೀರುಂಡೆಗಳ ಕೊಂಬಿಗೂ ಇದೇ ಕಥೆ. ಇನ್ನು ಬಣ್ಣವನ್ನಂತೂ ನಂಬಲೇಬೇಡಿ. ಹಾರ್ಮೋನಿಯಾ ಆಕ್ಸಿರಿಡಿಸ್ ಎಂಬ ಗುಲಗಂಜಿ ಹುಳು ಕೆಂಪು ಮೈಮೇಲೆ ಕಪ್ಪು ಚುಕ್ಕೆ ಇಟ್ಟುಕೊಂಡೂ ಬರುತ್ತದೆ, ಕಪ್ಪು ಮೈಮೇಲೆ ಕೆಂಪು ಚುಕ್ಕೆ ಇಟ್ಟುಕೊಂಡೂ ಬರುತ್ತದೆ, ಚುಕ್ಕೆಯೇ ಇಲ್ಲದೆಯೂ ಬರುತ್ತದೆ. ಗಂಡನ್ನೊಂದು, ಹೆಣ್ಣನ್ನೊಂದು ಪ್ರಭೇದ ಎಂದು ಎರಡೆರಡು ಹೆಸರು ಇಟ್ಟ ಉದಾಹರಣೆಗಳೂ ಹಳೆಯ ಪುಸ್ತಕಗಳಲ್ಲಿ ಬೇಕಾದಷ್ಟಿವೆ.

ಇಷ್ಟೆಲ್ಲ ಯೋಚಿಸಿದ ಮೇಲೂ ಅನುಮಾನ ಉಳಿದರೆ ಓದಲು ಕೂರಬೇಕು. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವುದು 1758ರಿಂದ, ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ತನ್ನ ಸಿಸ್ಟೆಮಾ ನೇಚುರೇ ಎಂಬ ಪುಸ್ತಕದ ಹತ್ತನೇ ಆವೃತ್ತಿ ತಂದ ವರ್ಷ. ಅಂದರೆ ಅಲ್ಲಿಂದ ಇಲ್ಲಿಯವರೆಗೆ ಆ ಕುಲದಲ್ಲಿ ಯಾರ್ಯಾರು ಏನೇನು ಹೆಸರಿಟ್ಟಿದ್ದಾರೋ ಅಷ್ಟನ್ನೂ ನೋಡಬೇಕು, ಈಗ ಬಳಕೆಯಲ್ಲಿಲ್ಲದ ಹೆಸರುಗಳನ್ನೂ ಸೇರಿಸಿ. ಮೊದಲು ಆ ಗುಂಪಿನ ಕ್ಯಾಟಲಾಗ್ ಹುಡುಕಿ, ಅದರಿಂದ ಪ್ರಭೇದಗಳ ಪಟ್ಟಿ ಮಾಡಿ, ಆಮೇಲೆ ಒಂದೊಂದರ ಮೂಲ ವಿವರಣೆ ಹುಡುಕಿ. ಹಳೆಯವು ಬಹುಪಾಲು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಲ್ಯಾಟಿನ್, ಜರ್ಮನ್, ಫ್ರೆಂಚ್ ಭಾಷೆಗಳಲ್ಲಿರುತ್ತವೆ, ಹೆದರಬೇಡಿ. ಅಂಗಾಂಗಗಳ ಹೆಸರು, ಬಣ್ಣ, ಆಕಾರ ಸೇರಿ ಒಂದಿನ್ನೂರು ಪದ ಕಲಿತರೆ ಮುಕ್ಕಾಲು ಅರ್ಥವಾಗುತ್ತದೆ.

ನಿಮ್ಮ ಊರಿನ ಸುತ್ತಲಿನ ಪ್ರಭೇದಗಳನ್ನಷ್ಟೇ ನೋಡಿ ನಿಲ್ಲಿಸಬೇಡಿ. ಮರದ ದಿಮ್ಮಿಯಲ್ಲೋ ಗಿಡದ ಕುಂಡದ ಮಣ್ಣಿನಲ್ಲೋ ಕೂತು ಜೀರುಂಡೆಗಳು ಸಮುದ್ರ ದಾಟುತ್ತವೆ. ನಿಮಗೆ ಹೊಸದಾಗಿ ಕಂಡದ್ದು ಇನ್ನೊಂದು ಖಂಡದಲ್ಲಿ ನೂರು ವರ್ಷದಿಂದ ಎಲ್ಲರಿಗೂ ಗೊತ್ತಿರುವ ಹುಳು ಆಗಿರಬಹುದು.

ನನಗೆ ಬಹಳ ಉಪಯೋಗಕ್ಕೆ ಬಂದ ಒಂದು ಅಭ್ಯಾಸ ಹೇಳುತ್ತೇನೆ. ಒಂದು ದೊಡ್ಡ ಕೋಷ್ಟಕ ಮಾಡಿ. ಎಡಗಡೆ ಕುಲದ ಎಲ್ಲ ಪ್ರಭೇದಗಳು, ಮೇಲುಗಡೆ ಲಕ್ಷಣಗಳು: ಉದ್ದ, ಕುಡಿಮೀಸೆಯ ಗೆಣ್ಣುಗಳು, ಪ್ರೊನೋಟಮ್ಮಿನ (ತಲೆಯ ಹಿಂದೆ ಇರುವ ಗಟ್ಟಿ ಫಲಕ) ಆಕಾರ, ಮೇಲ್ರೆಕ್ಕೆಯ ಗೀರುಗಳು, ಗಂಡಿನ ಜನನಾಂಗ. ಓದುತ್ತಾ ಹೋದ ಹಾಗೆ ತುಂಬಿ. ಎಲ್ಲಿ ಖಾಲಿ ಉಳಿಯುತ್ತದೋ ಅಲ್ಲೇ ನಿಮ್ಮ ಅಪಾಯ ಕೂತಿರುತ್ತದೆ. 1850ರ ಸುಮಾರಿನ ವಿವರಣೆಗಳಲ್ಲಿ ಕೆಲವು ಎರಡೇ ಸಾಲು ಇರುತ್ತವೆ. "ಕಪ್ಪು, ಹೊಳಪು, ಅಂಡಾಕಾರ" ಎಂದು ಬರೆದು ಬಿಟ್ಟಿರುತ್ತಾರೆ. ಅದು ಸಾವಿರ ಜೀರುಂಡೆಗೆ ಹೊಂದುತ್ತದೆ. ಅಂಥ ಕಡೆ ಬೇರೆ ದಾರಿಯೇ ಇಲ್ಲ, ಟೈಪ್ ಮಾದರಿಯನ್ನೇ ನೋಡಬೇಕು. ಅಂದರೆ ಆ ಹೆಸರಿಡುವಾಗ ಲೇಖಕರ ಮುಂದೆ ಇದ್ದ ಅದೇ ಹುಳು, ಈಗ ಯಾವುದೋ ಮ್ಯೂಸಿಯಂನ ಡ್ರಾಯರ್‌ನಲ್ಲಿರುತ್ತದೆ. ಮ್ಯೂಸಿಯಂನ ಸಂಗ್ರಹ ನೋಡಿಕೊಳ್ಳುವವರಿಗೆ ಪತ್ರ ಬರೆಯಿರಿ. ಯಾವ ಮಾದರಿ, ಯಾವ ಕೋನದ ಫೋಟೋ, ಏಕೆ ಬೇಕು ಎಂದು ಸ್ಪಷ್ಟವಾಗಿ ಹೇಳಿ. ತಾಳ್ಮೆ ಇರಲಿ, ಅವರಿಗೆ ನಿಮ್ಮಂಥವರ ಪತ್ರ ಬಹಳ ಬರುತ್ತವೆ.

ಆ ಡ್ರಾಯರ್‌ಗಳ ಬಗ್ಗೆ ಇನ್ನೊಂದು ಮಾತು. ಹೊಸ ಪ್ರಭೇದ ಕಾಡಿನಲ್ಲೇ ಸಿಗಬೇಕೆಂದೇನಿಲ್ಲ. ಡಾರ್ವಿನ್ 1832ರಲ್ಲಿ ಅರ್ಜೆಂಟೀನಾದಲ್ಲಿ ಹಿಡಿದ ಒಂದು ಜೀರುಂಡೆಗೆ ಡಾರ್ವಿನಿಲಸ್ ಸೆಡಾರಿಸಿ ಎಂಬ ಹೆಸರು ಸಿಕ್ಕಿದ್ದು 2014ರಲ್ಲಿ. 1960ರ ದಶಕದಲ್ಲಿ ಕೀನ್ಯಾದ ಮಣ್ಣಿನಿಂದ ತೆಗೆದಿಟ್ಟ, ಒಂದು ಮಿಲಿಮೀಟರೂ ಇಲ್ಲದ ಹುಳು 2019ರಲ್ಲಿ ನೆಲ್ಲೊಪ್ಟೋಡೀಸ್ ಗ್ರೆಟೇ ಆಯಿತು, ಗ್ರೆಟಾ ಥುನ್‌ಬರ್ಗ್ ಹೆಸರಿನಲ್ಲಿ. ಎರಡೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸಂಗ್ರಹದಲ್ಲಿದ್ದವು. ಅಷ್ಟು ವರ್ಷ ಕಾಯಲು ಸಾಧ್ಯವಾದದ್ದು ಜೊತೆಗೆ ಲೇಬಲ್ ಇದ್ದದ್ದರಿಂದ.

ಮಾದರಿ ಮತ್ತು ಲೇಬಲ್

ಒಂದೇ ಒಂದು ಮಾದರಿಯಿಂದಲೂ ಹೆಸರಿಡಬಹುದು, ಕೋಡ್ ತಡೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬೇರೆ ದಾರಿ ಇರುವಾಗ ಹಾಗೆ ಮಾಡಬಾರದು. ಗಂಡು, ಹೆಣ್ಣು, ಚಿಕ್ಕದು, ದೊಡ್ಡದು ಸೇರಿ ಹತ್ತಾರು ಕೈಲಿದ್ದರೆ ಯಾವ ಲಕ್ಷಣ ಎಲ್ಲದರಲ್ಲೂ ಒಂದೇ ಥರ ಇದೆ, ಯಾವುದು ಹುಳುವಿನಿಂದ ಹುಳುವಿಗೆ ಬದಲಾಗುತ್ತದೆ ಎಂದು ಗೊತ್ತಾಗುತ್ತದೆ. ಹಿಡಿಯುವ ಮುಂಚೆ ಆ ಜಾಗದ ನಿಯಮದ ಪ್ರಕಾರ ಅನುಮತಿ ಪಡೆಯಿರಿ. ಅನುಮತಿ ಪತ್ರದ ಸಂಖ್ಯೆಯನ್ನು ಪತ್ರಿಕೆಗಳು ಕೇಳುತ್ತವೆ, ಮ್ಯೂಸಿಯಂಗಳೂ ಕೇಳುತ್ತವೆ.

ಕೆಲವು ಮಾದರಿಗಳನ್ನು ಶೇಕಡಾ 95ಕ್ಕಿಂತ ಜಾಸ್ತಿ ಶುದ್ಧತೆಯ ಎಥೆನಾಲ್‌ನಲ್ಲಿ ಹಾಕಿ ತಣ್ಣಗಿನ ಜಾಗದಲ್ಲಿಡಿ, ಡಿಎನ್‌ಎಗೆ ಬೇಕಾಗುತ್ತದೆ. ಉಳಿದವನ್ನು ಒಣಗಿಸಿ. ದೊಡ್ಡ ಜೀರುಂಡೆಗೆ ಪಿನ್ ಚುಚ್ಚುವುದು ಬಲ ಮೇಲ್ರೆಕ್ಕೆಯ ಮುಂಭಾಗದಲ್ಲಿ. ನಡುಮಧ್ಯೆ ಚುಚ್ಚಿದರೆ ಎರಡು ರೆಕ್ಕೆ ಕೂಡುವ ಗೆರೆ, ಅದರ ಮುಂದಿನ ಪುಟ್ಟ ತ್ರಿಕೋನ ಎರಡೂ ಹಾಳಾಗುತ್ತವೆ. ಐದಾರು ಮಿಲಿಮೀಟರಿಗಿಂತ ಚಿಕ್ಕದನ್ನು ಚುಚ್ಚಬೇಡಿ. ತ್ರಿಕೋನದ ಹಾಗೆ ಕತ್ತರಿಸಿದ ದಪ್ಪ ಕಾಗದದ ತುದಿಗೆ ನೀರಿನಲ್ಲಿ ಕರಗುವ ಅಂಟಿನಿಂದ ಅಂಟಿಸಿ. ಅಂಟು ಒಂದು ಚುಕ್ಕೆ ಸಾಕು. ಹೊಟ್ಟೆಯ ಕೆಳಭಾಗ ಪೂರ್ತಿ ಅಂಟಿನಲ್ಲಿ ಮುಳುಗಿದ ಮಾದರಿ ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ನೋಡಬೇಕಾದದ್ದು ಅರ್ಧ ಅಲ್ಲೇ ಇರುತ್ತದೆ.

ಲೇಬಲ್‌ನಲ್ಲಿ ದೇಶ, ಪ್ರದೇಶ, ಜಾಗ, ಅಕ್ಷಾಂಶ ರೇಖಾಂಶ, ಸಮುದ್ರ ಮಟ್ಟದಿಂದ ಎತ್ತರ, ದಿನಾಂಕ, ಹಿಡಿದ ವಿಧಾನ, ಹಿಡಿದವರ ಹೆಸರು ಇರಲಿ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವ ರೂಢಿ ಇದೆ. 5-6 ಎಂದರೆ ಮೇ 6 ಕೂಡ ಆಗಬಹುದು, ಜೂನ್ 5 ಕೂಡ. ರೋಮನ್ ಅಂಕಿ ಇದ್ದರೆ ಈ ಗೊಂದಲ ಹುಟ್ಟುವುದೇ ಇಲ್ಲ. ಕೊಳೆತ ದಿಮ್ಮಿಯ ತೊಗಟೆಯ ಕೆಳಗೆ, ರಾತ್ರಿ ದೀಪಕ್ಕೆ ಬಂದದ್ದು, ಅಣಬೆಯ ಮೇಲೆ, ಹೀಗೆ ಕಂಡದ್ದನ್ನೆಲ್ಲ ಬರೆಯಿರಿ. ಹಳೆಯ ಲೇಬಲ್ ಎಷ್ಟೇ ಮಾಸಿದ್ದರೂ ತೆಗೆಯಬೇಡಿ.

ಕಣ್ಣಿಗೆ ಕಾಣದ ಭಾಗವೇ ತೀರ್ಪು ಕೊಡುವುದು

ಹೊರಗಿನಿಂದ ತದ್ರೂಪಿಗಳಂತೆ ಕಾಣುವ ಪ್ರಭೇದಗಳು ಗಂಡಿನ ಜನನಾಂಗದಲ್ಲಿ ಬೇರೆ ಬೇರೆಯಾಗಿರುತ್ತವೆ. ಇದಕ್ಕೆ ಈಡಿಗಸ್ ಎನ್ನುತ್ತಾರೆ, ಹೊಟ್ಟೆಯೊಳಗೆ ಇರುವ ಗಟ್ಟಿ ಕೊಳವೆ. ಎಷ್ಟೋ ಕುಲಗಳಲ್ಲಿ ಇದನ್ನು ನೋಡದೆ ಪ್ರಭೇದ ಹೇಳುವುದು ಸಾಧ್ಯವೇ ಇಲ್ಲ. ಆದ್ದರಿಂದ ಇದನ್ನು ಕಲಿಯದೆ ವಿವರಣೆಗೆ ಕೈಹಾಕಬೇಡಿ.

ಒಣಗಿದ ಮಾದರಿಯನ್ನು ಬೆಚ್ಚಗಿನ ನೀರಿನಲ್ಲಿ ಮೆತ್ತಗಾಗಿಸಿ. ತುದಿ ಕೊಕ್ಕೆಯಂತೆ ಬಾಗಿಸಿದ ಸಣ್ಣ ಪಿನ್ನಿನಿಂದ ಹೊಟ್ಟೆಯ ಹಿಂದಿನ ತುದಿಯಿಂದ ಅದನ್ನು ನಿಧಾನ ಹೊರಗೆಳೆಯಿರಿ. ಬಹಳ ಚಿಕ್ಕ ಹುಳುವಾದರೆ ಹೊಟ್ಟೆಯನ್ನೇ ಬಿಡಿಸಿಕೊಳ್ಳಬೇಕಾಗುತ್ತದೆ. ಮೇಲಂಟಿದ ಮಾಂಸ, ಕೊಬ್ಬು ಕರಗಲು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಡಿ. ಬೆಚ್ಚಗಿದ್ದರೆ ಕೆಲವೇ ನಿಮಿಷ, ತಣ್ಣಗಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಪಕ್ಕದಲ್ಲೇ ಕೂತು ಆಗಾಗ ನೋಡುತ್ತಿರಿ. ನಾನು ಒಮ್ಮೆ ಬೆಚ್ಚಗೆ ಇಟ್ಟು ಎದ್ದುಹೋಗಿ, ವಾಪಸ್ ಬರುವಷ್ಟರಲ್ಲಿ ಗಾಜಿನಂತೆ ಪಾರದರ್ಶಕವಾಗಿತ್ತು. ಇದ್ದ ಗಂಡು ಅದೊಂದೇ. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ. ದ್ರಾವಣ ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಹಾಕಿಕೊಳ್ಳಿ.

ಆಮೇಲೆ ನೀರಿನಲ್ಲಿ ತೊಳೆದು ಗ್ಲಿಸರಿನ್‌ನಲ್ಲಿ ಇಟ್ಟು ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ನೋಡಿ. ತುದಿ ಸ್ವಲ್ಪ ಓರೆಯಾದರೂ ಆಕಾರ ಪೂರ್ತಿ ಬೇರೆ ಕಾಣುತ್ತದೆ. ಹೋಲಿಸುವ ಎಲ್ಲ ಪ್ರಭೇದಗಳನ್ನೂ ಒಂದೇ ಕೋನದಲ್ಲಿ ನೋಡಬೇಕು. ಕೆಲಸ ಮುಗಿದ ಮೇಲೆ ಗ್ಲಿಸರಿನ್ ಇರುವ ಪುಟ್ಟ ಸೀಸೆಯಲ್ಲಿ ಹಾಕಿ ಅದೇ ಪಿನ್ನಿಗೆ ಸಿಕ್ಕಿಸಿ. ಬೇರೆ ಡಬ್ಬಿಯಲ್ಲಿಟ್ಟರೆ ಎಂದಾದರೊಂದು ದಿನ ಯಾವುದು ಯಾವುದರದ್ದು ಎಂದು ತಿಳಿಯದೆ ಹೋಗುತ್ತದೆ.

ಡಿಎನ್‌ಎ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಸಿಒಐ ಎಂಬ ಜೀನಿನ 658 ಅಕ್ಷರಗಳಷ್ಟು ಭಾಗವನ್ನು ಓದುತ್ತಾರೆ, ಅದನ್ನೇ ಬಾರ್‌ಕೋಡ್ ಎನ್ನುವುದು. ಒಂದು ಕಾಲು ಸಾಕು. ಗಂಡು ಹೆಣ್ಣು ಒಂದೇ ಪ್ರಭೇದದವೇ ಎಂದು ನೋಡಲು, ಮರಿಹುಳುವನ್ನು ಗುರುತಿಸಲು ಇದು ಬಹಳ ಒಳ್ಳೆಯದು. ಆದರೆ ಅಂತರ ಇಷ್ಟು ಶೇಕಡಾ ಬಂತು, ಹಾಗಾಗಿ ಹೊಸದು ಎಂದು ಬರೆದು ಕೈತೊಳೆದುಕೊಳ್ಳಬೇಡಿ. ದೇಹದ ಲಕ್ಷಣವೂ ಅದೇ ಮಾತು ಹೇಳಬೇಕು.

ಅಳತೆ, ಫೋಟೋ

ಅಳೆಯುವುದು ಎಲ್ಲಿಂದ ಎಲ್ಲಿಗೆ ಎಂದು ಬರೆಯಿರಿ. ಸುಮ್ನೆ "ಉದ್ದ 5 ಮಿಮೀ" ಅಂದರೆ ಸಾಲದು. ಕೆಲವು ಮಾದರಿಗಳಲ್ಲಿ ತಲೆ ಒಳಗೆ ಎಳೆದುಕೊಂಡಿರುತ್ತದೆ, ಕೆಲವದರಲ್ಲಿ ಚಾಚಿಕೊಂಡಿರುತ್ತದೆ. ಅದಕ್ಕೇ ಬಹಳ ಜನ ಪ್ರೊನೋಟಮ್ ಮತ್ತು ಮೇಲ್ರೆಕ್ಕೆಗಳ ಉದ್ದವನ್ನು ಬೇರೆಯಾಗಿ ಕೊಡುತ್ತಾರೆ. ಎಷ್ಟು ಮಾದರಿ ಅಳೆದಿರಿ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಸರಾಸರಿ ಎಷ್ಟು ಎಂದು ಹೇಳಿ. ಅಳತೆಗಿಂತ ಅನುಪಾತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಪ್ರೊನೋಟಮ್ಮಿನ ಅಗಲ ಉದ್ದದ 1.4 ಪಟ್ಟು ಎಂದರೆ ಚಿಕ್ಕ ಹುಳುವಿಗೂ ದೊಡ್ಡ ಹುಳುವಿಗೂ ಹೆಚ್ಚುಕಮ್ಮಿ ಅದೇ ಇರುತ್ತದೆ.

ಫೋಟೋ ತೆಗೆಯುವಾಗ ಬೇರೆ ಬೇರೆ ಆಳದಲ್ಲಿ ಫೋಕಸ್ ಮಾಡಿ ಹತ್ತಾರು ಚಿತ್ರ ತೆಗೆದು ಸಾಫ್ಟ್‌ವೇರ್‌ನಲ್ಲಿ ಒಂದುಗೂಡಿಸಬೇಕು. ಜೀರುಂಡೆಯ ಹೊಳಪು ದೊಡ್ಡ ತಲೆನೋವು. ಬೆಳಕು ನೇರ ಬಿದ್ದರೆ ಬಿಳಿ ಕಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಾದರಿಯ ಸುತ್ತ ಟ್ರೇಸಿಂಗ್ ಪೇಪರ್ ಸುತ್ತಿ ಹೊರಗಿನಿಂದ ಬೆಳಕು ಬಿಡಿ. ಪ್ರತಿ ಚಿತ್ರಕ್ಕೂ ಅಳತೆ ಪಟ್ಟಿ ಹಾಕಿ. ಈಡಿಗಸ್‌ಗೆ ಮಾತ್ರ ಫೋಟೋ ಜೊತೆ ಕೈಯಿಂದ ಬರೆದ ರೇಖಾಚಿತ್ರವೂ ಇರಲಿ. ಕೈ ಎಳೆಯುವ ಗೆರೆ ಯಾವ ಅಂಚು ಮುಖ್ಯ ಎಂದು ಹೇಳುತ್ತದೆ.

ಹೆಸರು

ಎಲ್ಲರಿಗೂ ಇಷ್ಟವಾದ ಭಾಗ ಇದು. ಹೆಸರು ಲ್ಯಾಟಿನ್ ಲಿಪಿಯಲ್ಲಿರಬೇಕು, ಭಾಷೆ ಯಾವುದಾದರೂ ಸರಿ. ಅದೇ ಕುಲದಲ್ಲಿ ಅದೇ ಹೆಸರು ಮೊದಲೇ ಇರಬಾರದು, ಕೈಬಿಟ್ಟ ಹಳೆಯ ಹೆಸರಾದರೂ ಸರಿಯೇ, ಬಳಸುವಂತಿಲ್ಲ. ಹೊಸ ಕುಲಕ್ಕೇ ಹೆಸರಿಡುವುದಾದರೆ ಇಡೀ ಪ್ರಾಣಿ ಪ್ರಪಂಚವನ್ನು ಹುಡುಕಬೇಕು. ಬಾತುಕೋಳಿ ಕೊಕ್ಕಿನ ಸಸ್ತನಿ ಪ್ಲಾಟಿಪಸ್ ಗೊತ್ತಲ್ಲ? 1799ರಲ್ಲಿ ಜಾರ್ಜ್ ಶಾ ಅದರ ಕುಲಕ್ಕೆ ಆ ಹೆಸರೇ ಇಟ್ಟಿದ್ದ. ಆದರೆ 1793ರಲ್ಲೇ ಹರ್ಬ್‌ಸ್ಟ್ ಎಂಬಾತ ಮರ ಕೊರೆಯುವ ಒಂದು ಜೀರುಂಡೆ ಕುಲಕ್ಕೆ ಪ್ಲಾಟಿಪಸ್ ಎಂದು ಹೆಸರಿಟ್ಟಾಗಿತ್ತು. ಹೆಸರು ಜೀರುಂಡೆಗೇ ಉಳಿಯಿತು, ಸಸ್ತನಿಯ ಕುಲ ಆರ್ನಿಥೊರಿಂಕಸ್ ಆಯಿತು.

ಪ್ರಭೇದದ ಹೆಸರು ಗುಣವಾಚಕವಾದರೆ ಕುಲದ ಹೆಸರಿನ ಲಿಂಗಕ್ಕೆ ಹೊಂದಬೇಕು. ಕಪ್ಪು ಎನ್ನಲು ಪುಲ್ಲಿಂಗದಲ್ಲಿ ನೈಗರ್, ಸ್ತ್ರೀಲಿಂಗದಲ್ಲಿ ನೈಗ್ರಾ, ನಪುಂಸಕದಲ್ಲಿ ನೈಗ್ರಮ್. ಬಂದನು, ಬಂದಳು, ಬಂದಿತು ಎನ್ನುವ ನಮಗೆ ಇದೇನು ಕಷ್ಟವಲ್ಲ. ವ್ಯಕ್ತಿಯ ಹೆಸರಾದರೆ ಗಂಡಸಿಗೆ ಕೊನೆಯಲ್ಲಿ ಇ, ಹೆಂಗಸಿಗೆ ಏ ಬರುತ್ತದೆ. ಮೇಲೆ ಹೇಳಿದ ಗ್ರೆಟೇ ಹಾಗೆ ಬಂದದ್ದು. ಊರಿನ ಹೆಸರಿಗೆ ಎನ್ಸಿಸ್ ಸೇರಿಸುತ್ತಾರೆ. ನಿಮ್ಮದೇ ಹೆಸರನ್ನು ಇಡಬೇಡಿ. ನಿಯಮ ತಡೆಯುವುದಿಲ್ಲ, ಆದರೂ ಯಾರೂ ಹಾಗೆ ಮಾಡುವುದಿಲ್ಲ. ಬದುಕಿರುವ ರಾಜಕಾರಣಿಗಳ ಹೆಸರಿಡುವ ಮುಂಚೆ ಎರಡು ಸಲ ಯೋಚಿಸಿ. ಸ್ಲೊವೇನಿಯಾದ ಗುಹೆಗಳ ಕುರುಡು ಜೀರುಂಡೆಯೊಂದಕ್ಕೆ 1937ರಲ್ಲಿ ಅನೋಫ್ತಾಲ್ಮಸ್ ಹಿಟ್ಲೆರಿ ಎಂದು ಹೆಸರಿಟ್ಟರು. ಹೆಸರು ಈಗಲೂ ಹಾಗೇ ಇದೆ, ಆ ಹೆಸರಿನ ಆಸೆಗೆ ಜನ ಆ ಪಾಪದ ಹುಳುವನ್ನು ಹುಡುಕಿ ಹಿಡಿಯುತ್ತಾರೆ. ಕೆಟ್ಟ ಹೆಸರು ಎಂಬ ಕಾರಣಕ್ಕೆ ಬದಲಿಸಲು ಆಗುವುದಿಲ್ಲ.

ಹೆಸರು ತೋಚದಿದ್ದರೆ ಒದ್ದಾಡಬೇಕಿಲ್ಲ. ನ್ಯೂಗಿನಿಯ ಟ್ರೈಗೊನೋಪ್ಟೆರಸ್ ಎಂಬ ಸೊಂಡಿಲು ಹುಳುಗಳ 101 ಪ್ರಭೇದಗಳನ್ನು 2013ರಲ್ಲಿ ಒಟ್ಟಿಗೆ ವಿವರಿಸಿದವರು ಕೆಲವಕ್ಕೆ ಅಲ್ಲಿನ ಟೆಲಿಫೋನ್ ಡೈರೆಕ್ಟರಿಯಿಂದ ಹೆಸರು ಆರಿಸಿದರು. ಪ್ರಕಟವಾಗುವವರೆಗೆ ಮಾತ್ರ ಹೆಸರನ್ನು ಎಲ್ಲೂ ಬಿಟ್ಟುಕೊಡಬೇಡಿ. ಅಲ್ಲಿಯವರೆಗೆ "ಪ್ರಭೇದ 1" ಎಂಬ ಸಂಕೇತ ಸಾಕು.

ಬರವಣಿಗೆ

ಡಯಾಗ್ನೋಸಿಸ್ ಮತ್ತು ವಿವರಣೆ ಎಂದು ಎರಡು ಭಾಗ ಇರುತ್ತವೆ, ಇವೆರಡನ್ನೂ ಬೆರೆಸಬೇಡಿ. ವಿವರಣೆ ಹುಳುವಿನ ಪೂರ್ತಿ ಚಿತ್ರ. ಡಯಾಗ್ನೋಸಿಸ್ ಎಂದರೆ ಹತ್ತಿರದ ಸಂಬಂಧಿಗಳಿಂದ ಇದನ್ನು ಬೇರೆ ಮಾಡುವ ನಾಲ್ಕೈದು ಲಕ್ಷಣಗಳು ಮಾತ್ರ. 1930ರ ನಂತರ ಇಟ್ಟ ಹೆಸರಿಗೆ ಬೇರೆ ಮಾಡುವ ಲಕ್ಷಣಗಳನ್ನು ಮಾತಿನಲ್ಲಿ ಹೇಳಲೇಬೇಕು ಎಂದು ಕೋಡ್ ಹೇಳುತ್ತದೆ, ಬರೀ ಚಿತ್ರ ಹಾಕಿದರೆ ಆಗುವುದಿಲ್ಲ. "ಈ ಪ್ರಭೇದ ಕಪ್ಪಗೆ, ಹೊಳಪಾಗಿದೆ" ಎಂಬುದು ಡಯಾಗ್ನೋಸಿಸ್ ಅಲ್ಲ. "ಪ್ರೊನೋಟಮ್ಮಿನ ಹಿಂದಿನ ಮೂಲೆ ಚೂಪು, ಹತ್ತಿರದ ಪ್ರಭೇದದಲ್ಲಿ ಗುಂಡಗೆ, ಈಡಿಗಸ್‌ನ ತುದಿ ಕೊಕ್ಕೆಯಂತೆ ಬಾಗಿದೆ, ಅದರಲ್ಲಿ ನೇರ" ಎಂದು ಬರೆದರೆ ಓದುವವರು ಎರಡು ಹುಳು ಪಕ್ಕದಲ್ಲಿಟ್ಟು ಪರೀಕ್ಷಿಸಬಹುದು. ನಾನು ಡಯಾಗ್ನೋಸಿಸ್ ಬರೆದ ಮೇಲೆ ಅದನ್ನು ಮಾತ್ರ ಒಬ್ಬ ಗೆಳೆಯರಿಗೆ ಕೊಟ್ಟು, ಬೆರೆಸಿಟ್ಟ ಮಾದರಿಗಳಿಂದ ಆರಿಸಲು ಹೇಳುತ್ತೇನೆ. ಅವರು ತಡವರಿಸಿದ ಕಡೆ ನನ್ನ ವಾಕ್ಯ ಸರಿಯಿಲ್ಲ ಎಂದರ್ಥ.

ವಿವರಣೆ ತಲೆಯಿಂದ ಬಾಲದವರೆಗೆ ಹೋಗಲಿ: ಗಾತ್ರ, ಬಣ್ಣ, ತಲೆ, ಕಣ್ಣು, ಕುಡಿಮೀಸೆ, ಪ್ರೊನೋಟಮ್, ಮೇಲ್ರೆಕ್ಕೆ, ಕೆಳಭಾಗ, ಕಾಲು, ಹೊಟ್ಟೆ, ಈಡಿಗಸ್, ಕೊನೆಗೆ ಹೆಣ್ಣು ಗಂಡಿಗಿಂತ ಹೇಗೆ ಬೇರೆ ಎಂದು. ಪಾದದ ಗೆಣ್ಣುಗಳನ್ನು ಮುಂಗಾಲು, ನಡುಗಾಲು, ಹಿಂಗಾಲು ಎಂದು ಎಣಿಸಿ 5-5-5 ಅಥವಾ 5-5-4 ಎಂದು ಬರೆಯುತ್ತಾರೆ. ಆ ಕುಲದ ಬಗ್ಗೆ ಇತ್ತೀಚೆಗೆ ಬಂದ ಒಳ್ಳೆಯ ಲೇಖನದ ಕ್ರಮವನ್ನೇ ಅನುಸರಿಸಿ, ಆಗ ಹೋಲಿಸುವವರಿಗೆ ಸುಲಭ. ಕ್ರಿಯಾಪದ ಇಲ್ಲದ ತುಂಡು ವಾಕ್ಯಗಳೇ ಇಲ್ಲಿ ರೂಢಿ. "ಸುಂದರ", "ವಿಶಿಷ್ಟ" ಎಂಬ ಮಾತುಗಳಿಗೆ ಜಾಗವಿಲ್ಲ.

ಎಲ್ಲಕ್ಕಿಂತ ಮುಖ್ಯ ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗಿ ನೀವು ಆರಿಸುವ ಒಂದೇ ಒಂದು ಮಾದರಿ. ಹೆಸರು ಅಂಟಿಕೊಳ್ಳುವುದು ನಿಮ್ಮ ವಾಕ್ಯಗಳಿಗಲ್ಲ, ಆ ಒಂದು ಹುಳುವಿಗೆ. ನಾಳೆ ನೀವು ಒಂದೇ ಎಂದುಕೊಂಡದ್ದು ಎರಡು ಪ್ರಭೇದ ಎಂದು ಗೊತ್ತಾದರೆ ಹೋಲೋಟೈಪ್ ಯಾವ ಕಡೆಗೆ ಸೇರುತ್ತದೋ ಹೆಸರೂ ಆ ಕಡೆಗೇ. ಆದ್ದರಿಂದ ಅಂಗಾಂಗ ಪೂರ್ತಿ ಇರುವ, ಆದಷ್ಟೂ ಗಂಡು ಮಾದರಿಯನ್ನೇ ಆರಿಸಿ, ಕೆಂಪು ಲೇಬಲ್ ಹಾಕಿ, ಸಾರ್ವಜನಿಕ ಮ್ಯೂಸಿಯಂಗೆ ಕೊಡಿ. ಮನೆಯಲ್ಲಿ ಇಟ್ಟುಕೊಳ್ಳಬೇಡಿ. 1999ರ ನಂತರದ ಹೆಸರುಗಳಿಗೆ ಹೋಲೋಟೈಪ್ ಯಾವುದು, ಯಾವ ಸಂಗ್ರಹದಲ್ಲಿದೆ, ಇದು ಹೊಸ ಪ್ರಭೇದ ಎಂಬುದನ್ನೆಲ್ಲ ಸ್ಪಷ್ಟವಾಗಿ ಹೇಳಲೇಬೇಕು. "ಬಹುಶಃ ಹೊಸದಿರಬಹುದು, ಹಾಗಿದ್ದರೆ ಈ ಹೆಸರು ಇರಲಿ" ಎಂದು ಬರೆದರೆ ಹೆಸರು ನಿಲ್ಲುವುದಿಲ್ಲ. ಉಳಿದ ಮಾದರಿಗಳು ಪ್ಯಾರಾಟೈಪ್. ಅವನ್ನು ಎರಡು ಮೂರು ಮ್ಯೂಸಿಯಂಗಳಿಗೆ ಹಂಚಿ, ಬೆಂಕಿ, ಯುದ್ಧ, ಡ್ರಾಯರ್‌ಗೆ ನುಗ್ಗುವ ಹುಳುಗಳಿಂದ ಎಲ್ಲವೂ ಒಟ್ಟಿಗೆ ಹೋಗದಿರಲಿ.

ಹೆಸರಿನ ಅರ್ಥ, ಎಲ್ಲೆಲ್ಲಿ ಸಿಕ್ಕಿದೆ, ಏನು ತಿನ್ನುತ್ತದೆ ಎಂದು ಸೇರಿಸಿ. ಕುಲದ ಹಳೆಯ ಗುರುತಿನ ಕೀ (ಲಕ್ಷಣ ನೋಡುತ್ತಾ ಹಂತ ಹಂತವಾಗಿ ಪ್ರಭೇದಕ್ಕೆ ತಲುಪಿಸುವ ಪಟ್ಟಿ) ಇದ್ದರೆ ನಿಮ್ಮ ಪ್ರಭೇದ ಸೇರಿಸಿ ತಿದ್ದಿಕೊಡಿ. ಮಾರಾಟಕ್ಕೆ ಹಿಡಿಯುವವರ ಕಣ್ಣು ಬೀಳುವಂಥ ದೊಡ್ಡ, ಚಂದದ ಹುಳುವಾದರೆ ಲೇಖನದಲ್ಲಿ ಜಾಗವನ್ನು ಮೀಟರಿನ ಲೆಕ್ಕದಲ್ಲಿ ಹೇಳಬೇಡಿ.

ಪ್ರಕಟಣೆ

ಝೂಟಾಕ್ಸಾ, ಝೂಕೀಸ್‌ನಂಥ ಪತ್ರಿಕೆಗಳು ಇದಕ್ಕೆಂದೇ ಇವೆ. ದುಡ್ಡು ತೆಗೆದುಕೊಂಡು ಎರಡೇ ದಿನದಲ್ಲಿ ಹಾಕುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ತಜ್ಞರು ಓದಿ ತಿದ್ದುವುದನ್ನು ಕೋಡ್ ಕಡ್ಡಾಯ ಮಾಡಿಲ್ಲ, ಆದರೆ ನಿಮಗೆ ಅದು ಬೇಕೇ ಬೇಕು. 2012ರಿಂದ ಇಂಟರ್ನೆಟ್‌ನಲ್ಲಿ ಮಾತ್ರ ಬರುವ ಪತ್ರಿಕೆಯಲ್ಲೂ ಹೆಸರಿಡಬಹುದು. ಆದರೆ ಲೇಖನವನ್ನು ಮೊದಲೇ, ಪ್ರಾಣಿಗಳ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿರಬೇಕು, ನೋಂದಾಯಿಸಿದ್ದಕ್ಕೆ ಪುರಾವೆ ಲೇಖನದೊಳಗೇ ಇರಬೇಕು. ಕಳಿಸುವ ಮುಂಚೆ ಆ ಗುಂಪಿನಲ್ಲಿ ಕೆಲಸ ಮಾಡುವ ಒಂದಿಬ್ಬರನ್ನು ಕೇಳಿ. ಅವರು ಅದೇ ಹುಳುವನ್ನು ವಿವರಿಸುತ್ತಿದ್ದರೆ ಜೊತೆಗೂಡಿ ಬರೆಯಿರಿ. ಒಂದೇ ಹುಳುವಿಗೆ ಎರಡು ಹೆಸರು ಬಂದರೆ ಮೊದಲು ಪ್ರಕಟವಾದದ್ದೇ ಉಳಿಯುತ್ತದೆ.

ಲೇಖನ ಬಂದ ದಿನ ಮಾದರಿಗಳ ಪೆಟ್ಟಿಗೆ ತೆಗೆದು ಒಂದೊಂದು ಪಿನ್ನಿಗೂ ಹೊಸ ಹೆಸರಿನ ಲೇಬಲ್ ಸೇರಿಸಿ. "ಪ್ರಭೇದ 1" ಎಂದು ಬರೆದ ಹಳೆಯ ಚೀಟಿಯನ್ನು ಕೀಳಬೇಡಿ, ಅದರ ಕೆಳಗೇ ಹೊಸದನ್ನು ಹಾಕಿ. ನಿಮ್ಮ ಫೋಟೋಗಳು, ಡಿಎನ್‌ಎ ಸೀಸೆಗಳು, ಕಾಡಿನ ನೋಟ್‌ಬುಕ್ ಎಲ್ಲದರಲ್ಲೂ ಇರುವುದು ಆ ಹಳೆಯ ಸಂಕೇತವೇ.